ಜಗಲಿಯ ಮುಂದೆ ನಿಂತ ಮತದಾರರು

ಓಹಾಯೋ ರಾಜ್ಯದ ಮೇರಿಯನ್ ಊರಿನಲ್ಲಿ ವಾರೆನ್ ಹಾರ್ಡಿಂಗ್ ಅವರ ಮನೆಯಿದೆ. ಮನೆಗಿಂತ ಅದರ ಜಗಲಿಯೇ ಹೆಚ್ಚು ಪ್ರಸಿದ್ಧ. ಮುಂಭಾಗದ ಉದ್ದಕ್ಕೂ ಹರಡಿ, ಒಂದು ತುದಿಯಲ್ಲಿ ದುಂಡಗೆ ಮುಂದೆ ಬಂದಿರುವ ಕಂಬಗಳ ಜಗಲಿ. 1920ರ ಬೇಸಿಗೆಯಿಂದ ಚಳಿ ಶುರುವಾಗುವವರೆಗೆ ಸುಮಾರು 6 ಲಕ್ಷ ಜನ ಇದರ ಮುಂದೆ ಬಂದು ನಿಂತರು. ಆಗ ಊರಿನ ಜನಸಂಖ್ಯೆಯೇ 28 ಸಾವಿರದಷ್ಟು. ರೈಲಿಳಿದು, ವಾದ್ಯದವರನ್ನು ಮುಂದಿಟ್ಟುಕೊಂಡು, ಊರೂರಿನ ಸಂಘಗಳವರು ಮೆರವಣಿಗೆಯಲ್ಲಿ ಬರುತ್ತಿದ್ದರು. ಅಧ್ಯಕ್ಷ ಪದವಿಗೆ ನಿಂತ ಮನುಷ್ಯ ಮನೆಯೊಳಗಿಂದ ಜಗಲಿಗೆ ಬಂದು ಮಾತಾಡುತ್ತಿದ್ದರು. ಅಂಗಳದ ಹುಲ್ಲು ತುಳಿತಕ್ಕೆ ಸತ್ತೇ ಹೋಗಿ, ಕೊನೆಗೆ ಜಲ್ಲಿ ಹಾಕಿಸಬೇಕಾಯಿತಂತೆ. ಹಿತ್ತಲಿನಲ್ಲಿ ಪತ್ರಕರ್ತರಿಗೆಂದೇ ಪುಟ್ಟ ಮನೆಯೊಂದನ್ನು ಕಟ್ಟಿಸಿದ್ದರು. ಅದು ಈಗಲೂ ಇದೆ.

ನಾವು ಹೋದದ್ದು 2024ರ ಅಕ್ಟೋಬರ್ ಮುಗಿಯುತ್ತಿದ್ದಾಗ. ಮೇಪಲ್ ಮರಗಳು ಕೆಂಪಾಗಿ ಉದುರುತ್ತಿದ್ದವು. ಕೊಲಂಬಸ್ಸಿನಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಆ ದಾರಿಯುದ್ದಕ್ಕೂ ಮನೆಗಳ ಮುಂದಿನ ಹುಲ್ಲಿನಲ್ಲಿ ಎರಡು ಬಗೆಯ ಫಲಕಗಳು: ಒಂದರಲ್ಲಿ ಟ್ರಂಪ್ ಹೆಸರು, ಇನ್ನೊಂದರಲ್ಲಿ ಹ್ಯಾರಿಸ್ ಹೆಸರು. ಪಕ್ಕಪಕ್ಕದ ಮನೆಗಳಲ್ಲಿ ಬೇರೆಬೇರೆ ಹೆಸರು ಕಂಡಾಗೆಲ್ಲ ನನಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಕಾರು ಓಡಿಸುತ್ತಿದ್ದವಳು ಅಕ್ಕನ ಮಗಳು. ಅವಳು ಅಲ್ಲಿನ ಪ್ರಜೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಇದು ಅವಳ ಮೊದಲ ಅಧ್ಯಕ್ಷೀಯ ಮತ, ಮತ್ತು ಅದನ್ನು ಆಗಲೇ ಹಾಕಿ ಮುಗಿಸಿದ್ದಳು. ಓಹಾಯೋದಲ್ಲಿ ನಾಲ್ಕು ವಾರ ಮೊದಲಿನಿಂದಲೇ ಜಿಲ್ಲೆಗೊಂದರಂತೆ ಇರುವ ಚುನಾವಣಾ ಕಚೇರಿಗೆ ಹೋಗಿ ಮತ ಹಾಕಬಹುದು. ಆ ಸರದಿಯಲ್ಲಿ ನಾನೂ ಅವಳ ಜೊತೆ ನಿಂತಿದ್ದೆ. ಹೊರಗೆ ಬಂದವಳ ಅಂಗಿಯ ಮೇಲೆ ಮತ ಹಾಕಿದ್ದೇನೆಂದು ಸಾರುವ ದುಂಡನೆಯ ಚೀಟಿ ಅಂಟಿತ್ತು.

"ಚಿಕ್ಕಿ, ಮಸಿ ಇಲ್ಲ ನೋಡು ಇಲ್ಲಿ" ಎಂದು ಬೆರಳು ತೋರಿಸಿದಳು.

ಮೇ 7ರಂದು ಶಿವಮೊಗ್ಗ ಕ್ಷೇತ್ರದಲ್ಲಿ ಲೋಕಸಭೆಗೆ ಮತ ಹಾಕಿ ನಾನು ಹಚ್ಚಿಸಿಕೊಂಡಿದ್ದ ಮಸಿ ಉಗುರಿನೊಂದಿಗೇ ಬೆಳೆದು ಹೋಗಿತ್ತು. ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ 1962ರಿಂದ ನಮ್ಮ ಚುನಾವಣೆಗಳಿಗೆ ಆ ಮಸಿಯನ್ನು ಮಾಡಿಕೊಡುತ್ತಿದೆ. ಎಷ್ಟೋ ದೇಶಗಳ ಮತದಾರರ ಬೆರಳಿಗೂ ಹೋಗಿದೆ. ಅಮೆರಿಕಕ್ಕೆ ಅದು ಬೇಕಾಗಿಲ್ಲ. ಅಲ್ಲಿ ಮತದಾನವೆಂದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಗುರುತು, ಮತ್ತೆ ಈ ಚೀಟಿ. ಚೀಟಿಯ ರೂಢಿ ಬಹಳ ಹಳೆಯದೇನೂ ಅಲ್ಲ, 1980ರ ದಶಕದ್ದು. ಆದರೆ ಯಾವ ಪಕ್ಷಕ್ಕೆಂದು ಹೇಳದೆ ಮತ ಹಾಕಿದ್ದನ್ನಷ್ಟೇ ಎದೆಯ ಮೇಲೆ ಧರಿಸುವ ಪದ್ಧತಿ ನನಗೆ ಬಹಳ ಇಷ್ಟವಾಯಿತು.

ನಮ್ಮ ಕಡೆಯ ಚುನಾವಣೆಗಳನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಜೀಪು, ಧ್ವನಿವರ್ಧಕ, ಗೋಡೆ ಬರಹ ಎಲ್ಲವೂ ಕಣ್ಣೆದುರೇ ಬಂದವು, ಕಣ್ಣೆದುರೇ ಹೋದವು. ಆದ್ದರಿಂದ ಯಾವುದು ಉಳಿಯುತ್ತದೆ, ಯಾಕೆ ಉಳಿಯುತ್ತದೆ ಎಂಬ ಪ್ರಶ್ನೆ ನನ್ನದೇ ಆಗಿತ್ತು. ಎರಡು ಶತಮಾನಕ್ಕೂ ಹೆಚ್ಚು ಕಾಲ, ಅಂತರ್ಯುದ್ಧದ ನಡುವೆಯೂ ಬಿಡದೆ, ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರನ್ನು ಆರಿಸುತ್ತ ಬಂದ ದೇಶದಲ್ಲಿ ಆ ಪ್ರಶ್ನೆ ಕೇಳಿಕೊಂಡು ತಿರುಗಬೇಕೆಂದು ಹೊರಟಿದ್ದೆ. ಓಹಾಯೋದಿಂದ ಪೂರ್ವಕ್ಕೆ, ನ್ಯೂ ಹ್ಯಾಂಪ್‌ಶೈರಿನ ಗುಡ್ಡಗಳವರೆಗೆ.

ಅಭ್ಯರ್ಥಿ ತಾನೇ ಮತ ಕೇಳಿಕೊಂಡು ಹೋಗುವುದು ಆ ದೇಶದಲ್ಲಿ ಬಹಳ ಕಾಲ ಮರ್ಯಾದೆಯ ಕೆಲಸವಾಗಿರಲಿಲ್ಲ. ಪದವಿಯೇ ಯೋಗ್ಯನನ್ನು ಹುಡುಕಿಕೊಂಡು ಬರಬೇಕು, ಯೋಗ್ಯನಾದವನು ಪದವಿಯ ಹಿಂದೆ ಹೋಗಬಾರದು ಎಂಬುದು ಅಲ್ಲಿನ ನಡವಳಿಕೆ. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ತಮಗಾಗಿ ತಾವೇ ಭಾಷಣ ಮಾಡಿದಾಗ ಜನ ಹುಬ್ಬೇರಿಸಿದರು. ಮರದ ದಿಮ್ಮಿಯ ಗುಡಿಸಲು, ಸೇಬಿನ ಹುಳಿ ಪಾನೀಯ, ಊರಿಂದೂರಿಗೆ ಉರುಳಿಸಿಕೊಂಡು ಹೋಗುವ ಆಳೆತ್ತರದ ಚೆಂಡು, ಹಾಡು, ಘೋಷಣೆ ಹೀಗೆ ಪ್ರಚಾರದ ಸಂತೆಯನ್ನೇ ಕಟ್ಟಿದ ಚುನಾವಣೆ ಅದು. 1860ರಲ್ಲಿ ಸ್ಟೀಫನ್ ಡಗ್ಲಸ್ ದೇಶ ಸುತ್ತಿ ಮಾತಾಡಿದರು, ಆದರೆ ತಾಯಿಯನ್ನು ನೋಡಲು ಹೊರಟಿದ್ದೇನೆಂದು ನೆಪ ಹೇಳಬೇಕಾಯಿತು. ಅವರ ಎದುರಾಳಿ ಲಿಂಕನ್ ಸ್ಪ್ರಿಂಗ್‌ಫೀಲ್ಡ್ ಬಿಟ್ಟು ಕದಲಲಿಲ್ಲ. ಅವರ ಪರವಾಗಿ ಎಳೆಯರ ದಂಡು ಮೇಲಂಗಿ ತೊಟ್ಟು, ಪಂಜು ಹಿಡಿದು ರಾತ್ರಿ ಮೆರವಣಿಗೆ ಮಾಡಿತು. ಜಗಲಿಯ ಪ್ರಚಾರ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಬಾಗಿಲಿಗೆ ಬಂದವರೊಡನೆ ಮಾತಾಡಿದರೆ ಮರ್ಯಾದೆಗೆ ಕುಂದಿಲ್ಲ, ಮಾತು ಮರುದಿನದ ಪತ್ರಿಕೆಗೂ ತಲುಪುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಊರ ಪಂಚಾಯಿತಿಕೆ ಜಗಲಿಯ ಮೇಲೇ ನಡೆದು, ಒಳಮನೆಗೆ ದಾಟದೆ ಮುಗಿಯುವುದಿಲ್ಲವೇ, ಹಾಗೆ.

ಹಾರ್ಡಿಂಗರ ಜಗಲಿಯ ಮುಂದೆ ನೆಟ್ಟಿದ್ದ ಧ್ವಜಸ್ತಂಭ ಕ್ಯಾಂಟನ್ ಊರಿನಿಂದ ತಂದದ್ದು. 1896ರಲ್ಲಿ ವಿಲಿಯಂ ಮೆಕಿನ್ಲೆ ಅವರ ಮನೆಯೆದುರು ನಿಂತಿದ್ದ ಕಂಬವನ್ನೇ ಕಿತ್ತು ಇಲ್ಲಿಗೆ ಸಾಗಿಸಿದ್ದರು. ಹಿಂದೆ ಗೆದ್ದವರ ಅಂಗಳದ ಕಂಬ ಮುಂದೆ ಗೆಲ್ಲಬೇಕಾದವರ ಅಂಗಳಕ್ಕೆ ಬರಬೇಕೆಂದು ಯಾವ ಕಾನೂನೂ ಹೇಳಲಿಲ್ಲ. ಯಾರೋ ನೆನಪಿಟ್ಟುಕೊಂಡರು, ಯಾರೋ ಹೊತ್ತು ತಂದರು. ನಾನು ಹುಡುಕುತ್ತಿದ್ದ ಉತ್ತರದ ಮೊದಲ ಎಳೆ ಸಿಕ್ಕಿದ್ದು ಅಲ್ಲಿ.

ಅದೇ 1920ರಲ್ಲಿ ಹಲವು ಹೊಸತುಗಳೂ ಒಟ್ಟಿಗೆ ಬಂದವು. ಆಗಸ್ಟ್ ತಿಂಗಳಲ್ಲಿ ಸಂವಿಧಾನದ 19ನೇ ತಿದ್ದುಪಡಿ ಜಾರಿಯಾಗಿ, ದೇಶದುದ್ದಕ್ಕೂ ಹೆಂಗಸರಿಗೆ ಮತದ ಹಕ್ಕು ಬಂತು. ಜಗಲಿಯ ಮುಂದೆ ಹೆಂಗಸರ ಗುಂಪುಗಳೇ ಬಂದು ನಿಂತವು. ನವೆಂಬರ್ 2ರ ರಾತ್ರಿ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಫಲಿತಾಂಶವನ್ನು ರೇಡಿಯೋದಲ್ಲಿ ಹೇಳಿತು. ಅಟ್ಲಾಂಟಾದ ಸೆರೆಮನೆಯಲ್ಲಿದ್ದ ಸಮಾಜವಾದಿ ಯೂಜೀನ್ ಡೆಬ್ಸ್ ಅಲ್ಲಿಂದಲೇ ಸ್ಪರ್ಧಿಸಿ 9 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಹಾರ್ಡಿಂಗ್ ನೂರಕ್ಕೆ 60ರಷ್ಟು ಮತ ಪಡೆದು ಗೆದ್ದರು. ಇಷ್ಟೆಲ್ಲ ಆದರೂ ಮತ ಹಾಕಿದವರು ಅರ್ಹರಲ್ಲಿ ಅರ್ಧಕ್ಕಿಂತ ತುಸು ಕಡಿಮೆಯೇ. ಹಕ್ಕು ಕಾಗದಕ್ಕೆ ಬಂದ ದಿನವೇ ರೂಢಿಗೆ ಬರುವುದಿಲ್ಲ.

ಕ್ಯಾಂಟನ್ನಿನಲ್ಲಿ ಮೆಕಿನ್ಲೆಯವರ ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಜಿಲ್ಲಾ ಗ್ರಂಥಾಲಯವಿದೆ. 1896ರಲ್ಲಿ ಅಲ್ಲಿಗೆ ಬಂದವರು ಏಳೂವರೆ ಲಕ್ಷ ಜನ. ರೈಲು ಕಂಪನಿಗಳು ಟಿಕೆಟ್ ದರ ಇಳಿಸಿದ್ದವು. ಜನ ಬೇಲಿಯ ಚೂರು, ಹುಲ್ಲಿನ ಎಸಳು ಕಿತ್ತು ನೆನಪಿಗೆಂದು ಒಯ್ದರು. ಎದುರಾಳಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅದೇ ಹೊತ್ತಿನಲ್ಲಿ ರೈಲಿನಲ್ಲಿ 18 ಸಾವಿರ ಮೈಲಿ ಸುತ್ತಿ ಸುಮಾರು 600 ಭಾಷಣ ಮಾಡಿದರು. ಬ್ರಯನ್ ಎದುರು ಭಾಷಣಕ್ಕೆ ಹೊರಡುವುದೆಂದರೆ ಪಳಗಿದ ದೊಂಬರಾಟದವನೊಡನೆ ಹಗ್ಗ ಹತ್ತಿದಂತೆ, ತಾನು ಯೋಚಿಸಿ ಮಾತಾಡುವವನು ಎಂಬ ಅರ್ಥದಲ್ಲಿ ಮೆಕಿನ್ಲೆ ಆಪ್ತರಿಗೆ ಹೇಳಿದ್ದುಂಟು. ಕೂತವರು ಗೆದ್ದರು, ಸುತ್ತಿದವರು ಸೋತರು.

ಇದನ್ನು ಕೇಳಿ ಜಗಲಿಯೆಂದರೆ ಬರೀ ಸರಳತೆ ಎಂದುಕೊಂಡರೆ ತಪ್ಪಾಗುತ್ತದೆ. ಬರುವ ಗುಂಪಿನ ಮುಖಂಡ ಏನು ಮಾತಾಡಬೇಕೆಂಬುದು ಮೊದಲೇ ಬರಹದಲ್ಲಿ ಮೆಕಿನ್ಲೆಯವರ ಕೈಸೇರಬೇಕಿತ್ತು, ತಿದ್ದುಪಡಿಯೂ ಆಗುತ್ತಿತ್ತು. ಎಲ್ಲದರ ಹಿಂದೆ ಕ್ಲೀವ್‌ಲ್ಯಾಂಡಿನ ಉದ್ಯಮಿ ಮಾರ್ಕ್ ಹ್ಯಾನಾ ಇದ್ದರು. ಬ್ಯಾಂಕುಗಳಿಂದ, ಕಾರ್ಖಾನೆಗಳಿಂದ ಅವರು ಎತ್ತಿದ ಹಣ 35 ಲಕ್ಷ ಡಾಲರ್. ಆ ಕಾಲಕ್ಕೆ ಅದು ಯಾರೂ ಕಾಣದ ಮೊತ್ತ. ಹಣದ ಪ್ರಚಾರವೂ ಜಗಲಿಯಷ್ಟೇ ಹಳೆಯದು, ಜಗಲಿಗಿಂತ ಗಟ್ಟಿಯಾಗಿ ಉಳಿದದ್ದೂ ಅದೇ. ಇದನ್ನು ಮುಚ್ಚಿಟ್ಟು ಹಳೆಯ ಪದ್ಧತಿಗಳನ್ನು ಹೊಗಳುವುದು ನನಗೆ ಒಪ್ಪುವುದಿಲ್ಲ.

ಊರಾಚೆಯ ದಿಣ್ಣೆಯ ಮೇಲೆ ಮೆಕಿನ್ಲೆಯವರ ಸಮಾಧಿ. ಏರಲು 108 ಮೆಟ್ಟಿಲು. ಆ ಸಂಖ್ಯೆ ಕೇಳಿ ಅಕ್ಕನ ಮಗಳು, "ಅಜ್ಜಿ ಇದ್ದಿದ್ರೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಹೆಸರು ಹೇಳ್ತಿತ್ತು" ಎಂದಳು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆಗಳಿದ್ದವು. ಸೆಲ್ಯುಲಾಯ್ಡ್ ಹೊದಿಸಿದ, ಹಿಂದೆ ಪಿನ್ನಿರುವ ಈ ಬಿಲ್ಲೆ ದೇಶದ ತುಂಬ ಹರಡಿದ್ದು 1896ರ ಚುನಾವಣೆಯಲ್ಲೇ. ಅದಕ್ಕೂ ಹಿಂದೆ, 1789ರಲ್ಲಿ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ, ಜನ ಹಿತ್ತಾಳೆಯ ಗುಂಡಿಗಳನ್ನು ಕೋಟಿಗೆ ಹೊಲಿಸಿಕೊಂಡಿದ್ದರು. ಲಿಂಕನ್ ಕಾಲಕ್ಕೆ ಪುಟ್ಟ ಲೋಹದ ಬಿಲ್ಲೆಯಲ್ಲಿ ಫೋಟೋ ಬಂತು. ಕೈಯಲ್ಲಿ ಮೊಬೈಲು ಹಿಡಿದ ಹುಡುಗರು ಇಂದೂ ಬೀದಿಯಲ್ಲಿ ಅದೇ ಅಳತೆಯ ಬಿಲ್ಲೆ ಚುಚ್ಚಿಕೊಂಡು ಓಡಾಡುವುದನ್ನು ನಾವು ನೋಡಿದೆವು.

ಮೆಂಟರ್ ಊರಿಗೆ ಬರುವ ಹೊತ್ತಿಗೆ ನಾವು 1880ಕ್ಕೆ ಹಿಂದೆ ಹೋಗಿದ್ದೆವು. ಕ್ಲೀವ್‌ಲ್ಯಾಂಡಿನಿಂದ ಪೂರ್ವಕ್ಕೆ, ಈರೀ ಸರೋವರದ ಹತ್ತಿರ ಜೇಮ್ಸ್ ಗಾರ್‌ಫೀಲ್ಡ್ ಅವರ ಹೊಲಮನೆ. ಜಗಲಿ ಪ್ರಚಾರಕ್ಕೆ ಸರಿಯಾದ ಆರಂಭ ಸಿಕ್ಕಿದ್ದು ಇಲ್ಲಿ. ಹೊಲದ ಹಿಂಬದಿಯಲ್ಲಿ ರೈಲು ಹಾದುಹೋಗುತ್ತಿತ್ತು. ಜನ ಅಲ್ಲೇ ಇಳಿದು ಕಾಲುದಾರಿ ಹಿಡಿದು ಮನೆಗೆ ಬರುತ್ತಿದ್ದರು. ಅಂಗಳದಲ್ಲಿ ಬೀಡುಬಿಟ್ಟ ವರದಿಗಾರರು ಮನೆಗೆ ಲಾನ್‌ಫೀಲ್ಡ್ ಎಂದು ಹೆಸರಿಟ್ಟರು. ಪಕ್ಕದ ಪುಟ್ಟ ಕಟ್ಟಡಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದ್ದರು.

ಅಲ್ಲಿ ನನ್ನ ಮನಸ್ಸು ಹಿಡಿದ ಸಂಗತಿ ಬೇರೆ. ಆ ಅಕ್ಟೋಬರಿನಲ್ಲಿ ಜರ್ಮನ್ ಮೂಲದ ಮತದಾರರ ಗುಂಪೊಂದು ಬಂದಾಗ ಗಾರ್‌ಫೀಲ್ಡ್ ಅವರೊಡನೆ ಜರ್ಮನ್ ಭಾಷೆಯಲ್ಲೇ ಮಾತಾಡಿದರು. ಅಧ್ಯಕ್ಷ ಪದವಿಯ ಅಭ್ಯರ್ಥಿಯೊಬ್ಬರು ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪ್ರಚಾರ ಭಾಷಣ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ವಲಸೆ ಬಂದವರು ತಮ್ಮ ನುಡಿಯಲ್ಲಿ ಆ ಮಾತು ಕೇಳಿದಾಗ ಏನನ್ನಿಸಿತೋ ಎಂದು ಆ ಜಗಲಿಯಂಚಿನಲ್ಲಿ ಬಹಳ ಹೊತ್ತು ನಿಂತು ಯೋಚಿಸಿದೆ. ನ್ಯೂಯಾರ್ಕ್ ನಗರದ ಕೆಲವು ಮತಗಟ್ಟೆಗಳಲ್ಲಿ ಈಗ ಮತಪತ್ರ ಬಂಗಾಳಿಯಲ್ಲೂ ಸಿಗುತ್ತದೆ. ಮತದಾರನ ಭಾಷೆಗೆ ಮನ್ನಣೆ ಕೊಡುವ ಈ ನಡವಳಿಕೆ ಉಳಿಯಬೇಕಾದದ್ದು, ಇನ್ನೂ ಬೆಳೆಯಬೇಕಾದದ್ದು. ಗಾರ್‌ಫೀಲ್ಡ್ ಕೂದಲೆಳೆಯ ಅಂತರದಲ್ಲಿ ಗೆದ್ದರು. ಮರುವರ್ಷ ಜುಲೈನಲ್ಲಿ ಗುಂಡೇಟಿಗೆ ಗುರಿಯಾಗಿ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮೆಕಿನ್ಲೆಯವರೂ 1901ರಲ್ಲಿ ಬಫಲೋದಲ್ಲಿ ಗುಂಡಿಗೆ ಬಲಿಯಾದರು. ಜನರ ಕೈಕುಲುಕುತ್ತಿದ್ದಾಗಲೇ ಅವರಿಗೆ ಗುಂಡು ತಾಗಿತು. ಎದುರುಬದುರು ನಿಲ್ಲುವುದಕ್ಕೆ ಆ ದೇಶ ತೆತ್ತ ಬೆಲೆ ಸಣ್ಣದಲ್ಲ.

ಸರೋವರದ ದಂಡೆಯ ದ್ರಾಕ್ಷಿ ತೋಟಗಳನ್ನು ದಾಟಿ, ಬಫಲೋ ಹಿಂದೆ ಹಾಕಿ ರೋಚೆಸ್ಟರ್ ತಲುಪಿದೆವು. ಅಲ್ಲಿಗೆ ಹೋಗಬೇಕೆಂದು ಹಟ ಮಾಡಿದವಳು ನಾನು. ಮೌಂಟ್ ಹೋಪ್ ರುದ್ರಭೂಮಿಯಲ್ಲಿ ಸೂಸನ್ ಆಂಟನಿಯವರ ಸಮಾಧಿಯಿದೆ. ಹೆಸರು, ಇಸವಿಗಳಷ್ಟೇ ಇರುವ, ಮೊಣಕಾಲೆತ್ತರದ ಬಿಳಿಯ ಕಲ್ಲು. 1872ರ ನವೆಂಬರ್ 5ರಂದು ಈ ಊರಿನ ಕ್ಷೌರದಂಗಡಿಯೊಂದರಲ್ಲಿದ್ದ ಮತಗಟ್ಟೆಗೆ ಹೋಗಿ ಅವರು ಮತ ಹಾಕಿದರು. ಹೆಂಗಸರಿಗೆ ಆಗ ಆ ಹಕ್ಕಿರಲಿಲ್ಲ. ಎರಡು ವಾರದೊಳಗೆ ಮ್ಯಾಡಿಸನ್ ಬೀದಿಯ ಅವರ ಮನೆಗೆ ಅಧಿಕಾರಿ ಬಂದು ಬಂಧಿಸಿದ. ಮರುವರ್ಷ ವಿಚಾರಣೆಯಲ್ಲಿ ನ್ಯಾಯಾಧೀಶರು ಪಂಚರ ಅಭಿಪ್ರಾಯವನ್ನೂ ಕೇಳದೆ ತಪ್ಪಿತಸ್ಥೆಯೆಂದು ತೀರ್ಪಿತ್ತು 100 ಡಾಲರ್ ದಂಡ ಹಾಕಿದರು. ಆಂಟನಿ ಅದನ್ನು ಕೊನೆಯವರೆಗೂ ಕಟ್ಟಲಿಲ್ಲ. 1906ರಲ್ಲಿ ತೀರಿಕೊಂಡರು. ಹಕ್ಕು ಬಂದದ್ದು ಅದಾಗಿ 14 ವರ್ಷಕ್ಕೆ.

ಕೆಲವು ವರ್ಷಗಳಿಂದ, ಮತ ಹಾಕಿ ಬಂದ ಹೆಂಗಸರು ತಮ್ಮ ಎದೆಯ ಚೀಟಿಯನ್ನು ತೆಗೆದು ಈ ಕಲ್ಲಿಗೆ ಅಂಟಿಸುತ್ತಾರೆ. 2016ರಲ್ಲಿ ಸಾವಿರಾರು ಜನ ಸರದಿ ನಿಂತಿದ್ದರು. ಅಂಟಿನಿಂದ ಕಲ್ಲು ಕೆಡುತ್ತದೆಂದು ಈಗ ಅದಕ್ಕೆ ಪಾರದರ್ಶಕ ಹೊದಿಕೆ ತೊಡಿಸುತ್ತಾರೆ, ಚೀಟಿ ಅದರ ಮೇಲೆ. ಅಕ್ಕನ ಮಗಳು ಕೊಲಂಬಸ್ಸಿನಲ್ಲಿ ಸಿಕ್ಕ ಚೀಟಿಯನ್ನು ಪಾಸ್‌ಪೋರ್ಟಿನ ಚೀಲದಲ್ಲಿ ಜೋಪಾನವಾಗಿ ತಂದಿದ್ದಳು. ಅಂಟಿಸಿ, ಒಂದು ಕ್ಷಣ ಕೈ ಅಲ್ಲೇ ಇಟ್ಟಳು. ಭಾರತದ ಹೆಂಗಸರಿಗೆಲ್ಲ 1951-52ರ ಮೊದಲ ಮಹಾಚುನಾವಣೆಯಲ್ಲೇ ಗಂಡಸರ ಸಮಕ್ಕೆ ಮತದ ಹಕ್ಕಿತ್ತು ಎಂಬುದನ್ನು ನಾವು ಶಾಲೆಯಲ್ಲಿ ಓದಿಯೇ ಬೆಳೆದವರು. ಓದಿದ್ದಕ್ಕೂ, ದಂಡ ಕಟ್ಟದೆ ಸತ್ತವಳ ಕಲ್ಲಿನ ಮುಂದೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಅದೇ ರುದ್ರಭೂಮಿಯಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶದ ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಕೂಡ ಮಲಗಿದ್ದಾರೆ. ಕರಿಯರಿಗೆ ಮತದ ಹಕ್ಕು 1870ರಲ್ಲೇ ಸಂವಿಧಾನಕ್ಕೆ ಬಂದಿತ್ತು. ದಕ್ಷಿಣದ ರಾಜ್ಯಗಳಲ್ಲಿ ಅದು ನಿಜವಾಗಲು 1965ರ ಮತದಾನ ಹಕ್ಕು ಕಾಯಿದೆ ಬರಬೇಕಾಯಿತು. ಮತದಿಂದ ಹೊರಗಿಡುವುದೂ ಆ ದೇಶದಲ್ಲಿ ಬಹಳ ಕಾಲ ಬಾಳಿದ ಪದ್ಧತಿಯೇ.

ಮುಂದೆ ವರ್ಮಾಂಟಿನ ಹೊಲ, ದನದ ಕೊಟ್ಟಿಗೆ, ಚರ್ಚಿನ ಬಿಳಿ ಗೋಪುರಗಳ ನಡುವೆ ಹೋಗುವಾಗ ಮಾತು ಮಂಗಳವಾರದ ಮೇಲೆ ಬಂತು. ನವೆಂಬರಿನ ಮೊದಲ ಸೋಮವಾರದ ಮರುದಿನ ಮತದಾನ ಎಂದು ಕಾನೂನಾದದ್ದು 1845ರಲ್ಲಿ. ನವೆಂಬರಿಗೆ ಕೊಯ್ಲು ಮುಗಿದಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ. ಭಾನುವಾರ ಪ್ರಾರ್ಥನೆ, ಬುಧವಾರ ಸಂತೆ. ಕುದುರೆಗಾಡಿಯಲ್ಲಿ ಪೇಟೆಗೆ ಬರಲು ಸೋಮವಾರ ಬೇಕು. ಉಳಿದದ್ದು ಮಂಗಳವಾರ. ಗಾಡಿ ಹೋಯಿತು, ರೈತರು ಬೆರಳೆಣಿಕೆಗೆ ಇಳಿದರು, ಮಂಗಳವಾರ ಹಾಗೇ ಕೂತಿದೆ. ದೇಶಕ್ಕೆಲ್ಲ ಒಂದೇ ರಜೆ ಎಂಬುದಿಲ್ಲ. ಪಾಳಿಯ ಕೆಲಸದವರು, ದಿನಗೂಲಿಯವರು ಎಷ್ಟೋ ಕಡೆ ಸಂಬಳ ಬಿಟ್ಟು ಸರದಿ ನಿಲ್ಲಬೇಕು. ಮತದಾನದ ದಿನ ಸಂಬಳಸಹಿತ ರಜೆ ಕೊಡುವ ನಮ್ಮ ಕಾನೂನು ಈ ವಿಷಯದಲ್ಲಿ ಎಷ್ಟೋ ಮೇಲು. ಯಾರ ಅನುಕೂಲಕ್ಕಾಗಿ ಒಂದು ಪದ್ಧತಿ ಹುಟ್ಟಿತೋ ಅವರೇ ಇಲ್ಲವಾದ ಮೇಲೂ ಅದು ಉಳಿದರೆ ಅದನ್ನು ಬದಲಿಸಬೇಕು. ಅಧ್ಯಕ್ಷರನ್ನು ನೇರವಾಗಿ ಆರಿಸದೆ 538 ಪ್ರತಿನಿಧಿ ಮತಗಳ ಮೂಲಕ ಆರಿಸುವ ವ್ಯವಸ್ಥೆಯ ಬಗ್ಗೆಯೂ ನನ್ನ ಅಭಿಪ್ರಾಯ ಅದೇ. 2000ದಲ್ಲಿ, 2016ರಲ್ಲಿ ಹೆಚ್ಚು ಜನರ ಮತ ಪಡೆದವರು ಸೋತರು.

ಕನೆಕ್ಟಿಕಟ್ ನದಿ ದಾಟಿದರೆ ನ್ಯೂ ಹ್ಯಾಂಪ್‌ಶೈರ್. ಪಕ್ಷಗಳು ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಪ್ರಾಥಮಿಕ ಚುನಾವಣೆಯನ್ನು 1920ರಿಂದ ದೇಶದಲ್ಲಿ ಮೊದಲು ನಡೆಸುತ್ತ ಬಂದ ಪುಟ್ಟ ರಾಜ್ಯ. ಯಾರಿಗೂ ಮುಂಚೆ ತಾನೇ ನಡೆಸಬೇಕೆಂದು 1975ರಲ್ಲಿ ಕಾನೂನನ್ನೂ ಮಾಡಿಕೊಂಡಿದೆ. ಆರಂಭದಲ್ಲಿ ಅದನ್ನು ಮಾರ್ಚಿನ ಊರ ಸಭೆಯ ದಿನವೇ ಇಟ್ಟಿದ್ದರು. ಸಭಾಭವನದ ಒಲೆಯನ್ನು ಎರಡು ಸಲ ಉರಿಸುವ ಖರ್ಚು ಯಾಕೆ ಎಂಬ ಮಿತವ್ಯಯದಿಂದ ಎಂದು ಅಲ್ಲಿನವರು ಹೇಳುತ್ತಾರೆ. ಅಭ್ಯರ್ಥಿಗಳು ಹೋಟೆಲು ಹೋಟೆಲಿಗೆ, ಮನೆ ಮನೆಗೆ ಬಂದು ಮುಖ ತೋರಿಸಿ ಪ್ರಶ್ನೆ ಎದುರಿಸಬೇಕೆಂಬುದು ಇಲ್ಲಿನವರ ಅಭಿಮಾನ. ಮ್ಯಾಂಚೆಸ್ಟರಿನಲ್ಲಿ 1922ರಿಂದ ಇರುವ ರೆಡ್ ಆ್ಯರೋ ಎಂಬ ಪುಟ್ಟ ಹೋಟೆಲಿಗೆ ಬಾರದ ಅಭ್ಯರ್ಥಿ ಅಪರೂಪ. ಹಾಗಿದ್ದರೂ 1952ರಲ್ಲಿ ಯುರೋಪಿನಲ್ಲಿದ್ದ ಐಸೆನ್‌ಹೋವರ್ ಇಲ್ಲಿಗೆ ಕಾಲಿಡದೆಯೇ ಗೆದ್ದರು. 2024ರ ಜನವರಿಯಲ್ಲಿ ಬೈಡನ್ ಹೆಸರು ಮತಪತ್ರದಲ್ಲೇ ಇರಲಿಲ್ಲ. ಜನ ಕೈಯಲ್ಲಿ ಬರೆದು ಗೆಲ್ಲಿಸಿದರು.

ರಾಜ್ಯದ ಉತ್ತರದ ತುದಿಯಲ್ಲಿ ಡಿಕ್ಸ್‌ವಿಲ್ ನಾಚ್. ಕಡಿದಾದ ಬಂಡೆಗಳ ನಡುವಿನ ಕಣಿವೆ. ಬಾಲ್ಸಮ್ಸ್ ಎಂಬ ದೊಡ್ಡ ಹೋಟೆಲು 2011ರಿಂದ ಮುಚ್ಚಿ ನಿಂತಿದೆ. 1960ರಿಂದ ಇಲ್ಲಿನ ಮತದಾರರು ಮತದಾನದ ದಿನ ಹುಟ್ಟುತ್ತಿದ್ದಂತೆ, ನಡುರಾತ್ರಿ 12ಕ್ಕೆ ಮತ ಹಾಕಿ ಮುಗಿಸುತ್ತಾರೆ. ಪಟ್ಟಿಯಲ್ಲಿರುವ ಎಲ್ಲರೂ ಮತ ಹಾಕಿದರೆ ಮತಗಟ್ಟೆ ಮುಚ್ಚಿ ಎಣಿಸಲು ರಾಜ್ಯದ ಕಾನೂನು ಬಿಡುತ್ತದೆ. ಮೊದಲ ವರ್ಷ ನಿಕ್ಸನ್ ಅವರಿಗೆ 9, ಕೆನಡಿಗೆ ಸೊನ್ನೆ. ಹೋಟೆಲಿನ ಮಾಲೀಕ ನೀಲ್ ಟಿಲ್ಲಟ್ಸನ್ ದಶಕಗಳ ಕಾಲ ಮೊದಲ ಮತ ಹಾಕುತ್ತಿದ್ದರು. 2001ರಲ್ಲಿ 102 ವರ್ಷ ಬಾಳಿ ತೀರಿಕೊಂಡರು. ಈ ನಡುರಾತ್ರಿಯ ರೂಢಿ 1960ಕ್ಕಿಂತಲೂ ಹಳೆಯದು. ದಕ್ಷಿಣಕ್ಕಿರುವ ಹಾರ್ಟ್ಸ್ ಲೊಕೇಶನ್ ಊರಿನಲ್ಲಿ 1948ರಲ್ಲಿ ಹೀಗೆ ಮತ ಹಾಕಿದರು, ಯಾಕೆಂದರೆ ಅಲ್ಲಿನ ರೈಲ್ವೆ ಕೆಲಸಗಾರರು ಮತಗಟ್ಟೆ ತೆರೆಯುವ ಮೊದಲೇ ಕೆಲಸಕ್ಕೆ ಹೊರಡಬೇಕಿತ್ತು. ಈಗ ಪ್ರದರ್ಶನವೆಂದು ಕಾಣುವ ಪದ್ಧತಿಯ ಬೇರಿನಲ್ಲಿ ದುಡಿಯುವವರ ಅಗತ್ಯವಿತ್ತು. ಮಂಗಳವಾರದ ಕಷ್ಟಕ್ಕೆ ಆ ಊರು ತಾನೇ ಕಂಡುಕೊಂಡ ಉಪಾಯ ಅದು.

ಸೋಮವಾರ ಸಂಜೆ ಕಣಿವೆಯನ್ನು ನೋಡಿ ನಾವು ಕೋಲ್‌ಬ್ರೂಕ್ ಪೇಟೆಗೆ ವಾಪಸಾದೆವು. ಮತದಾರರು ಆರೇ ಜನ. ಪತ್ರಕರ್ತರು ಅದರ ಎಷ್ಟೋ ಪಟ್ಟು. ಅಲ್ಲಿ ನಮ್ಮ ಎರಡು ತಲೆ ಬೇಕಾಗಿರಲಿಲ್ಲ. ತಂಗಿದ್ದ ಕೋಣೆಯಲ್ಲಿ ಟಿವಿ ಮುಂದೆ ಕೂತು ನೋಡಿದೆವು. ಅಕಾರ್ಡಿಯನ್ನಿನಲ್ಲಿ ರಾಷ್ಟ್ರಗೀತೆ, ಆಮೇಲೆ ಒಬ್ಬೊಬ್ಬರಾಗಿ ಮತ. ಹ್ಯಾರಿಸ್ 3, ಟ್ರಂಪ್ 3. ಅಷ್ಟು ಹತ್ತಿರದ ನೆರೆಯವರು, ಸಮಸಮವಾಗಿ ಒಡೆದುಕೊಂಡು, ಒಂದೇ ಕೋಣೆಯಲ್ಲಿ ನಿಂತು ಫಲಿತಾಂಶ ಕೇಳಿದರು.

ನನಗೆ ಹೆಚ್ಚು ಕಲಿಸಿದ್ದು ಮರುದಿನ. ದಕ್ಷಿಣಕ್ಕೆ ಇಳಿಯುವ ದಾರಿಯ ಒಂದು ಸಣ್ಣ ಊರು. ಹಲಗೆ ಗೋಡೆಯ ಸಭಾಭವನವೇ ಮತಗಟ್ಟೆ. ಹೊರಗೆ, ಗುರುತು ಮಾಡಿದ ಗೆರೆಯಾಚೆ, ಎರಡೂ ಪಕ್ಷದವರು ಫಲಕ ಹಿಡಿದು ನಿಂತು ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಿದ್ದರು. ನಮ್ಮಲ್ಲಿ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲುತ್ತದೆ. ಅಲ್ಲಿ ಕೊನೆಯ ಗಳಿಗೆವರೆಗೂ ನಡೆಯುತ್ತದೆ. ಬಾಗಿಲ ಬಳಿ ಮೇಜಿನ ಮೇಲೆ ಮನೆಯಲ್ಲಿ ಮಾಡಿದ ತಿಂಡಿ ಮಾರಾಟಕ್ಕಿತ್ತು, ಶಾಲೆಯ ಸಹಾಯಾರ್ಥ. ಮತದಾನದ ದಿನ ಕೇಕು ಮಾಡುವುದು ಈ ಭಾಗದ ಬಹು ಹಿಂದಿನ ರೂಢಿ. ಅಮೀಲಿಯಾ ಸಿಮನ್ಸ್ ಅವರ 1796ರ ಅಡುಗೆ ಪುಸ್ತಕದಲ್ಲಿ ಚುನಾವಣೆ ಕೇಕಿಗೆ 10 ಪೌಂಡ್ ಬೆಣ್ಣೆ, 14 ಪೌಂಡ್ ಸಕ್ಕರೆ, 3 ಡಜನ್ ಮೊಟ್ಟೆ ಎಂದಿದೆ. ಊರಿಗೆ ಊರೇ ತಿನ್ನಬೇಕಾದ ಅಡುಗೆ.

ಒಳಗೆ ಕಟಕಟೆಯಂಥ ಅಡ್ಡಗೋಡೆ. ಮತದಾರರಷ್ಟೇ ಅದರೊಳಗೆ ಹೋಗಬಹುದು. ನಾವು ಆಚೆ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆವು. ಬಂದವರು ತಮ್ಮ ಹೆಸರು ಹೇಳುತ್ತಾರೆ, ಕೂತವರು ಅದನ್ನು ಗಟ್ಟಿಯಾಗಿ ಮತ್ತೆ ಹೇಳಿ, ಪಟ್ಟಿಯ ಮೇಲೆ ಅಡಿಪಟ್ಟಿ ಇಟ್ಟು ಹೆಸರಿಗೆ ಗೆರೆ ಎಳೆದು ಮತಪತ್ರ ಕೊಡುತ್ತಾರೆ. ಗುರುತು ಹಾಕಿದ ಕಾಗದ ಮರದ ಪೆಟ್ಟಿಗೆಗೆ. ಹೆಸರಿಲ್ಲದವರು ಅಲ್ಲೇ, ಆಗಲೇ ನೋಂದಾಯಿಸಿಕೊಂಡು ಮತ ಹಾಕಬಹುದು. ಇಷ್ಟೂ ಕೆಲಸ ಮಾಡುತ್ತಿದ್ದವರು ಊರಿನವರೇ. ಮತದಾನ ನಡೆಸುವ ಮುಖ್ಯಸ್ಥರನ್ನು ಊರಿನವರೇ ಆರಿಸುತ್ತಾರೆ. ಇಡೀ ದೇಶದ ಮತದಾನ ನಡೆಸಲು ನಮ್ಮ ಚುನಾವಣಾ ಆಯೋಗದಂಥದ್ದು ಅಲ್ಲಿಲ್ಲ. ಹತ್ತು ಸಾವಿರದಷ್ಟು ಊರು, ಜಿಲ್ಲೆಗಳು ತಮ್ಮ ತಮ್ಮ ಚುನಾವಣೆಯನ್ನು ತಾವೇ ನಡೆಸುತ್ತವೆ. ಗುಪ್ತ ಮತದಾನ ಅಲ್ಲಿಗೆ ಬಂದದ್ದು 1888ರಿಂದೀಚೆಗೆ. ಅದಕ್ಕೂ ಮೊದಲು ಪಕ್ಷಗಳೇ ಬಣ್ಣದ ಮತಪತ್ರ ಅಚ್ಚು ಹಾಕಿಸಿ ಹಂಚುತ್ತಿದ್ದವು, ಯಾರ ಕಾಗದ ಯಾರ ಕೈಯಲ್ಲಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಅನಾದಿಯಿಂದ ಬಂದದ್ದೆಂದು ನಾವು ನಂಬುವ ಎಷ್ಟೋ ಪದ್ಧತಿಗಳು ಯಾರೋ ಹೋರಾಡಿ ತಂದವು.

ಸಂಜೆ ಬಾಗಿಲು ಮುಚ್ಚಿದ ಮೇಲೆ ಎಣಿಕೆ. ಆ ರಾಜ್ಯದಲ್ಲಿ ಎಣಿಕೆ ಎಲ್ಲರೆದುರು, ನಡುವೆ ನಿಲ್ಲಿಸದೆ ನಡೆಯಬೇಕೆಂಬ ಕಾನೂನಿದೆ. ಎರಡು ಪಕ್ಷಗಳವರು ಜೋಡಿ ಜೋಡಿಯಾಗಿ ಕೂತರು. ಒಬ್ಬರು ಓದುತ್ತಾರೆ, ಇನ್ನೊಬ್ಬರು ಗೆರೆ ಹಾಕುತ್ತಾರೆ, ಐದನೆಯದನ್ನು ಅಡ್ಡ ಹೊಡೆಯುತ್ತಾರೆ. ಒಂದು ಮೇಜಿನಲ್ಲಿ ಲೆಕ್ಕ ಒಂದರಿಂದ ತಪ್ಪಿತು. ಯಾರೂ ಧ್ವನಿ ಏರಿಸಲಿಲ್ಲ, ಯಾರೂ ಇರಲಿ ಬಿಡಿ ಎನ್ನಲಿಲ್ಲ. ಇಡೀ ಕಟ್ಟನ್ನು ಮೊದಲಿನಿಂದ ಎಣಿಸಿದರು. ಎರಡು ಕಾಗದ ಒಂದಕ್ಕೊಂದು ಅಂಟಿಕೊಂಡಿದ್ದವು. ಸಿಕ್ಕಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ತಮ್ಮವರು ಗೆಲ್ಲಬೇಕೆಂದು ಬೆಳಗಿನಿಂದ ಫಲಕ ಹಿಡಿದು ನಿಂತಿದ್ದವರಲ್ಲಿ ಒಬ್ಬರು ಬೆಂಚಿನಲ್ಲಿ ನಮ್ಮ ಪಕ್ಕದಲ್ಲೇ ಕೂತು ಅದನ್ನು ನೋಡುತ್ತಿದ್ದರು. ಅಕ್ಕನ ಮಗಳು ಮೆಲ್ಲಗೆ, "ಚಿಕ್ಕಿ, ಈ ಕೆಲಸಕ್ಕೆ ನಾನೂ ಹೆಸರು ಕೊಡ್ಲಾ?" ಎಂದಳು. ಕೊಡು ಎಂದೆ.

ದೇಶದ ಫಲಿತಾಂಶ ಗೊತ್ತಾಗಿದ್ದು ಮರುದಿನ ಬೆಳಗಿನ ಜಾವ. ಟ್ರಂಪ್ ಗೆದ್ದಿದ್ದರು, ಪ್ರತಿನಿಧಿ ಮತ 312ಕ್ಕೆ 226. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಗುಂಪು ನುಗ್ಗಿದ್ದು ಅದಕ್ಕೂ ಹಿಂದಿನ ಚುನಾವಣೆಯ ಪ್ರತಿನಿಧಿ ಮತಗಳ ಎಣಿಕೆಯನ್ನು ತಡೆಯಲಿಕ್ಕೆ. ಆ ಮತಗಳ ದಾಖಲೆಗಳಿದ್ದ ಮರದ ಪೆಟ್ಟಿಗೆಗಳನ್ನು ಸಿಬ್ಬಂದಿ ಕೈಯಲ್ಲಿ ಹೊತ್ತು ಕಾಪಾಡಿದರು, ಅದೇ ರಾತ್ರಿ ಎಣಿಕೆ ಮುಂದುವರಿಯಿತು. ಧ್ವಜಸ್ತಂಭ ಹೊತ್ತು ತಂದವರು, ದಂಡ ಕಟ್ಟದವಳು, ಅಂಟಿದ ಕಾಗದ ಬಿಡಿಸಿದವರು, ಪೆಟ್ಟಿಗೆ ಹೊತ್ತು ಓಡಿದವರು: ಚುನಾವಣೆಯನ್ನು ಇಷ್ಟು ಕಾಲ ಉಳಿಸಿದವರು ಇವರು.

ಅಮೆರಿಕದಲ್ಲಿ ನೆಲೆಸಿ ಪ್ರಜೆಗಳಾಗಿರುವ ಕನ್ನಡಿಗರಿಗೆ ನನ್ನದೊಂದು ಕೋರಿಕೆ. ಮತ ಹಾಕಿ ಮನೆಗೆ ಬಂದುಬಿಡಬೇಡಿ. ನಿಮ್ಮ ಊರಿನ ಮತಗಟ್ಟೆಯ ಕೆಲಸಕ್ಕೆ ಹೆಸರು ಕೊಡಿ, ಪಟ್ಟಿ ಹಿಡಿದು ಕೂರಿ, ಎಣಿಕೆಯ ಮೇಜಿನಲ್ಲಿ ನಿಮ್ಮದಲ್ಲದ ಪಕ್ಷದವರ ಎದುರು ಕೂತು ಗೆರೆ ಹಾಕಿ. ಆ ಕೆಲಸಕ್ಕೆ ಪ್ರತಿ ಸಲವೂ ಜನ ಬೇಕು. ಮುಂದಿನ ಅಧ್ಯಕ್ಷೀಯ ಚುನಾವಣೆ 2028ರ ನವೆಂಬರ್ 7, ಮಂಗಳವಾರ.